ಫೋಟೋ ನೋಡಿ ಸ್ಟಿಂಟ್, ಸ್ಯಾಂಡ್ ಪ್ಲೋವರ್ ಗುರುತು ಹಿಡಿಯೋದು ಹೇಗೆ? ಒಂದೇ ಹಕ್ಕಿಗೆ ಮೂರು ಹೆಸರು ಬರ್ತಿದೆ

ಕೆಸರುಕಾಲು:

ಎಲ್ಲರಿಗೂ ನಮಸ್ಕಾರ. ನಾನು ಇಷ್ಟು ವರ್ಷ ಕಾಡಿನ ಹಕ್ಕಿಗಳನ್ನೇ ನೋಡ್ಕೊಂಡು ಬಂದವನು, ನೀರಿನಂಚಿನ ಸಣ್ಣ ಹಕ್ಕಿಗಳ (ಸ್ಟಿಂಟ್, ಸ್ಯಾಂಡ್ ಪ್ಲೋವರ್, ಸ್ಯಾಂಡ್‌ಪೈಪರ್ ಇಂಥವು) ಕಡೆ ತಿರುಗಿ ಎರಡು ಸೀಸನ್ ಆಯ್ತು ಅಷ್ಟೆ. ಕಾಡಲ್ಲಾದ್ರೆ ಹಕ್ಕಿಗೆ ಒಂದು ಬಣ್ಣ ಇರತ್ತೆ, ಒಂದು ಕೂಗು ಇರತ್ತೆ, ಪುಸ್ತಕ ತೆಗೆದ್ರೆ ಹೆಸರು ಸಿಗತ್ತೆ. ಇಲ್ಲಿ ಎಲ್ಲಾ ಬೂದು, ಎಲ್ಲಾ ಬಿಳಿ ಹೊಟ್ಟೆ, ಎಲ್ಲಾ ಓಡ್ತಾನೇ ಇರ್ತವೆ. ಬೇಸಿಗೆ ಬಣ್ಣನೂ ಈಗ ಇಲ್ಲ, ಎಲ್ಲವೂ ಚಳಿಗಾಲದ ಗರಿಯಲ್ಲಿವೆ.

ಮೊನ್ನೆ ಉಬ್ಬರ ಏರೋ ಹೊತ್ತಲ್ಲಿ ಕೆಸರು ಬಯಲಿನ ಪಕ್ಕ ಎರಡು ಗಂಟೆ ಕೂತು ಸುಮಾರು 640 ಫೋಟೋ ತೆಗೆದೆ, ಮನೆಗೆ ಬಂದು ಬ್ಲರ್ ಆಗಿದ್ದು, ಹಕ್ಕಿ ಬೆನ್ನು ತಿರುಗಿಸಿದ್ದು, ರೆಕ್ಕೆ ಅಡ್ಡ ಬಂದಿದ್ದು ಎಲ್ಲಾ ತೆಗೆದುಹಾಕಿ ಚೆನ್ನಾಗಿರೋ 38 ಇಟ್ಕೊಂಡೆ. ಅದ್ರಲ್ಲಿ ಆರು ಹಾಕ್ತಿದ್ದೀನಿ.

ಫೋಟೋ 1, 2, 3 ಮೂರೂ ಒಂದೇ ಹಕ್ಕಿ, ನಾನು ಕಣ್ಣು ತೆಗೀದೆ ಅದನ್ನೇ ಫಾಲೋ ಮಾಡಿದ್ದು, ಅದ್ರಲ್ಲಿ ಡೌಟಿಲ್ಲ. ಗುಬ್ಬಿಗಿಂತ ದೊಡ್ಡದೇನಲ್ಲ. ಗುರುತಿಸೋ ಆ್ಯಪ್‌ಗೆ ಮೂರೂ ಕೊಟ್ಟೆ: ಮೊದಲನೇದಕ್ಕೆ ಲಿಟಲ್ ಸ್ಟಿಂಟ್ ಅಂತು, ಎರಡನೇದಕ್ಕೆ ಟೆಮ್ಮಿಂಕ್ಸ್ ಸ್ಟಿಂಟ್, ಮೂರನೇದಕ್ಕೆ ಲಾಂಗ್-ಟೋಡ್ ಸ್ಟಿಂಟ್. ಹಕ್ಕಿ ಒಂದೇ, ಕ್ಯಾಮೆರಾ ಒಂದೇ, ಹತ್ತು ನಿಮಿಷದ ಒಳಗಿನ ಫೋಟೋಗಳು.

ಫೋಟೋ 4 ಮತ್ತು 5ರಲ್ಲಿ ಎರಡು ಸ್ಯಾಂಡ್ ಪ್ಲೋವರ್ ಅಕ್ಕಪಕ್ಕ ನಿಂತಿವೆ. ಬಲಗಡೆದು ಎಡಗಡೆದಕ್ಕಿಂತ ಸ್ವಲ್ಪ ದಪ್ಪ ಕಾಣತ್ತೆ. ಹಂಗಾದ್ರೆ ಬಲಗಡೆದು ಗ್ರೇಟರ್ ಸ್ಯಾಂಡ್ ಪ್ಲೋವರ್, ಎಡಗಡೆದು ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಬರ್ಕೊಳ್ಬಹುದಾ?

ಫೋಟೋ 6 ಒದ್ದೆ ಕಲ್ಲಿನ ಮೇಲೆ ನಿಂತಿರೋ ಗೊರವ, ಗ್ರೀನ್, ವುಡ್, ಕಾಮನ್ ಮೂರರಲ್ಲಿ ಯಾವ ಸ್ಯಾಂಡ್‌ಪೈಪರ್ ಅಂತ ತಲೆ ಕೆಡ್ತಿದೆ.

ನಂಗೆ ಬರೀ ಹೆಸರು ಬೇಕಾಗಿಲ್ಲ, ನೀವು ಫೋಟೋ ತೆರೆದ ತಕ್ಷಣ ಮೊದಲು ಎಲ್ಲಿ ನೋಡ್ತೀರಿ, ಆಮೇಲೆ ಎಲ್ಲಿಗೆ ಹೋಗ್ತೀರಿ ಅನ್ನೋದು ಬೇಕು. ಇನ್ನೊಂದು, ಫೋಟೋ ಎಷ್ಟೇ ಚೆನ್ನಾಗಿದ್ರೂ ಹೇಳೋಕೇ ಆಗದ ಹಕ್ಕಿ ಅಂತ ಇರತ್ತಾ? ಇದ್ರೆ ಅದೂ ಗೊತ್ತಾಗ್ಲಿ.

ಮರಳುದಿಬ್ಬ:

ಒಳ್ಳೆ ಫೋಟೋಗಳು. 1, 2, 3 ನನ್ನ ಪ್ರಕಾರ ಲಿಟಲ್ ಸ್ಟಿಂಟ್. ಕಾಲು ಕಪ್ಪಗಿದೆ ನೋಡಿ. ಟೆಮ್ಮಿಂಕ್ಸ್ ಮತ್ತು ಲಾಂಗ್-ಟೋಡ್ ಎರಡಕ್ಕೂ ಕಾಲು ಹಳದಿ ಅಥವಾ ಹಸಿರು ಹಳದಿ ಇರತ್ತೆ, ಲಿಟಲ್ ಮತ್ತು ರೆಡ್-ನೆಕ್ಡ್ ಸ್ಟಿಂಟ್‌ಗೆ ಮಾತ್ರ ಕಪ್ಪು. ಇದು ಎಲ್ಲಾ ಪುಸ್ತಕದಲ್ಲೂ ಮೊದಲು ಹೇಳೋ ವಿಷಯ. ಆ್ಯಪ್ ಮೊದಲು ಹೇಳಿದ್ದೇ ಸರಿ.

ನೀಳಕೊಕ್ಕು:

ಮರಳುದಿಬ್ಬ ಅವ್ರೆ, ಕಾಲಿನ ಬಣ್ಣದ ನಿಯಮ ನೀವು ಹೇಳಿದ್ದು ಸರಿ, ಆದ್ರೆ ಈ ಹಕ್ಕಿಗೆ ಅದನ್ನ ಹಾಕೋಕೆ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ. ಫೋಟೋ 1ನ್ನ ದೊಡ್ಡದು ಮಾಡಿ ಕಾಲನ್ನ ಮಾತ್ರ ನೋಡಿ. ಮೊಣಕಾಲಿನ ತರ ಕಾಣೋ ಗಂಟಿನಿಂದ ಕೆಳಗೆ ಪೂರ್ತಿ ಕಪ್ಪು, ಮೇಲೆ ಹೊಟ್ಟೆ ಹತ್ರ ಒಂದೆರಡು ಮಿಲಿಮೀಟರ್ ಮಾತ್ರ ಬೇರೆ ಬಣ್ಣ, ಒಂಥರಾ ಮಾಸಿದ ಹಸಿರು. ಆ ಕಪ್ಪು ಕಾಲಿನದಲ್ಲ, ಕೆಸರಿನದು. ಅಂಟು ಕೆಸರಲ್ಲಿ ಓಡಾಡೋ ಹಕ್ಕಿಗೆ ಹಳದಿ ಕಾಲು ಇದ್ರೂ ಅರ್ಧ ದಿನ ಕಪ್ಪು ಕಾಲೇ ಕಾಣೋದು. ನಾನೇ ಶುರುವಿನ ವರ್ಷಗಳಲ್ಲಿ ಕಾಲಿನ ಬಣ್ಣ ನಂಬ್ಕೊಂಡು ಒಂದಿಡೀ ಸೀಸನ್‌ನ ಲಿಸ್ಟ್ ತಪ್ಪು ಬರೆದು ಆಮೇಲೆ ಕೂತು ಒಂದೊಂದಾಗಿ ತಿದ್ದಿದ್ದೀನಿ.

ಕೇಳಿದ್ರಲ್ಲ ಮೊದಲು ಎಲ್ಲಿ ನೋಡ್ತೀರಿ ಅಂತ. ನಾನು ಬಣ್ಣ ನೋಡಲ್ಲ. ಮೊದಲು ನೋಡೋದು ಹಕ್ಕಿಯ ಹಿಂಭಾಗ, ರೆಕ್ಕೆ ತುದಿ ಮತ್ತು ಬಾಲದ ತುದಿ ಎಲ್ಲಿ ಸೇರ್ತವೆ ಅನ್ನೋದು. ಬೆಳಕು ಹೇಗೇ ಇರ್ಲಿ, ಕೆಸರು ಎಷ್ಟೇ ಮೆತ್ಕೊಂಡಿರ್ಲಿ, ಅದು ಬದಲಾಗಲ್ಲ. ಮಡಚಿದ ರೆಕ್ಕೆಯಲ್ಲಿ ಮೇಲಿಂದ ಮುಚ್ಚಿಕೊಂಡಿರೋ ಉದ್ದ ಗರಿಗಳು ಟರ್ಷಿಯಲ್, ಅದ್ರ ಕೆಳಗಿಂದ ಹಿಂದಕ್ಕೆ ಚಾಚಿ ಕಾಣೋ ಚೂಪು ತುದಿಗಳು ಪ್ರೈಮರಿ. ಲಿಟಲ್ ಸ್ಟಿಂಟ್‌ಗೆ ಪ್ರೈಮರಿ ತುದಿಗಳು ಟರ್ಷಿಯಲ್ ದಾಟಿ ಚೆನ್ನಾಗಿ ಹೊರಗೆ ಬಂದಿರ್ತವೆ, ಲಾಂಗ್-ಟೋಡ್‌ಗೆ ಟರ್ಷಿಯಲ್ ಎಷ್ಟು ಉದ್ದ ಅಂದ್ರೆ ಪ್ರೈಮರಿಯನ್ನ ಬಹುಪಾಲು ಮುಚ್ಚಿಬಿಡತ್ತೆ. ಟೆಮ್ಮಿಂಕ್ಸ್‌ಗೆ ಇನ್ನೊಂದು ವಿಶೇಷ, ಬಾಲವೇ ರೆಕ್ಕೆ ತುದಿ ದಾಟಿ ಹಿಂದಕ್ಕೆ ಇರತ್ತೆ, ಅದಕ್ಕೇ ಹಿಂಭಾಗ ಎಳೆದು ಉದ್ದ ಮಾಡಿದಂಗೆ ಕಾಣೋದು.

ಈಗ ನಿಮ್ಮ ಫೋಟೋ 2 ನೋಡಿ. ನೀವು ಅದನ್ನ ಇಟ್ಕೊಂಡಿದ್ದು ಕಣ್ಣಲ್ಲಿ ಬೆಳಕಿನ ಚುಕ್ಕಿ ಚೆನ್ನಾಗಿ ಬಂದಿದೆ ಅಂತ ಇರ್ಬೇಕು, ನಂಗೆ ಅದ್ರಲ್ಲಿ ಬೇಕಾಗಿರೋದು ಬಾಲ. ರೆಕ್ಕೆ ತುದಿ ಮುಗಿದ ಮೇಲೂ ಬಾಲ ಸ್ವಲ್ಪ ಮುಂದುವರಿದಿದೆ. ಎದೆ ಮೇಲಿನ ಬೂದು ಕಂದು ಬಣ್ಣ ಮಧ್ಯದಲ್ಲಿ ಮುರಿಯದೆ ಪೂರ್ತಿ ಅಡ್ಡಕ್ಕೆ ಹೋಗಿ ಬಿಳಿ ಹೊಟ್ಟೆ ಶುರು ಆಗೋ ಕಡೆ ಗೆರೆ ಎಳೆದಂಗೆ ನಿಂತಿದೆ, ಲಿಟಲ್‌ಗೆ ಹೀಗೆ ಇರಲ್ಲ, ಅದಕ್ಕೆ ಎದೆ ಪಕ್ಕಗಳಲ್ಲಿ ಮಾತ್ರ ಬೂದು, ಗಂಟಲು ಮತ್ತು ಎದೆ ನಡು ಬೆಳ್ಳಗೆ. ಬೆನ್ನು ಹೆಚ್ಚುಕಮ್ಮಿ ಒಂದೇ ಬಣ್ಣ, ಗರಿಗಳ ಮಧ್ಯೆ ಕಪ್ಪು ಗುರುತು ಇಲ್ಲ. ಇದೆಲ್ಲಾ ಸೇರಿಸಿದ್ರೆ ಕಾಮನ್ ಸ್ಯಾಂಡ್‌ಪೈಪರ್‌ನ ಪುಟ್ಟದಾಗಿ ಮಾಡಿದಂಗೆ ಕಾಣೋ ಹಕ್ಕಿ, ಅಂದ್ರೆ ಟೆಮ್ಮಿಂಕ್ಸ್.

ಮೂರನೇ ಫೋಟೋಗೆ ಆ್ಯಪ್ ಲಾಂಗ್-ಟೋಡ್ ಅಂದಿದ್ದು ಯಾಕೆ ಅಂತ ನಂಗೆ ಅನ್ಸೋದು: ಹಕ್ಕಿ ಏನೋ ಸದ್ದಿಗೆ ಕುತ್ತಿಗೆ ಎತ್ತಿ ನೆಟ್ಟಗೆ ನಿಂತಿದೆ. ಲಾಂಗ್-ಟೋಡ್ ಹಾಗೆ ನಿಲ್ಲೋದು ನಿಜ, ಆದ್ರೆ ಹೆದರಿದಾಗ ಎಲ್ಲಾ ಸ್ಟಿಂಟೂ ಹಾಗೇ ನಿಲ್ತವೆ. ಲಾಂಗ್-ಟೋಡ್ ಆಗಿದ್ರೆ ಬೆನ್ನಿನ ಗರಿಗಳ ನಡು ಕಪ್ಪಾಗಿ ಗೀಟು ಗೀಟಾಗಿ ಕಾಣ್ಬೇಕಿತ್ತು, ಕೆಳ ಕೊಕ್ಕಿನ ಬುಡ ಸ್ವಲ್ಪ ತೆಳು ಬಣ್ಣ ಇರ್ಬೇಕಿತ್ತು, ಕಾಲಿನ ಬೆರಳು ಇಷ್ಟು ಚಿಕ್ಕ ಹಕ್ಕಿಗೆ ಇಷ್ಟುದ್ದನಾ ಅನ್ನೋ ಹಂಗೆ ಇರ್ಬೇಕಿತ್ತು.

ಒಂದು ಕೇಳ್ಲಾ, ಆ ಉಳಿದ 600 ಫೋಟೋ ನಿಜವಾಗ್ಲೂ ಹೋಯ್ತಾ? ಬಿನ್‌ನಲ್ಲಿ ಇದ್ರೆ ದಯವಿಟ್ಟು ತೆಗೀರಿ. ಈ ಗುಂಪಿನ ಹಕ್ಕಿಗಳಲ್ಲಿ ಚೆಂದದ ಫೋಟೋ ಬೇರೆ, ಗುರುತು ಹಿಡಿಯೋಕೆ ಬೇಕಾದ ಫೋಟೋ ಬೇರೆ. ಟೆಮ್ಮಿಂಕ್ಸ್‌ಗೆ ಬಾಲದ ಹೊರಗಿನ ಗರಿಗಳು ಅಪ್ಪಟ ಬಿಳಿ, ಬೇರೆ ಸ್ಟಿಂಟ್‌ಗಳಿಗೆ ಬೂದು. ಅದು ಕಾಣೋದು ಹಕ್ಕಿ ಹಾರೋವಾಗ, ಇಳಿಯೋವಾಗ, ಬಾಲ ಬಿಚ್ಚಿದಾಗ ಮಾತ್ರ, ಅಂದ್ರೆ ನೀವು ಬ್ಲರ್ ಅಂತ ತೆಗೆದುಹಾಕಿದ ಫೋಟೋಗಳಲ್ಲೇ.

ಉಬ್ಬರಇಳಿತ:

ಸ್ಟಿಂಟ್ ಬಗ್ಗೆ ನೀಳಕೊಕ್ಕು ಅವ್ರು ಹೇಳಿದ್ಮೇಲೆ ನಂದೇನೂ ಇಲ್ಲ, ನಾನು 4 ಮತ್ತು 5ಕ್ಕೆ ಬರ್ತೀನಿ, ನಂಗೆ ಸ್ಯಾಂಡ್ ಪ್ಲೋವರ್ ಅಂದ್ರೆ ಹತ್ತು ವರ್ಷದ ಪ್ರೀತಿ.

ಮೊದಲು ಆ ಸೈಜಿನ ವಿಷಯ ಬಿಟ್ಬಿಡಿ. ಉದ್ದ ಲೆನ್ಸ್‌ನಲ್ಲಿ ದೂರದಿಂದ ತೆಗೆದಾಗ ಮುಂದಿನ ಹಕ್ಕಿ ಮತ್ತು ಹಿಂದಿನ ಹಕ್ಕಿ ಎರಡೂ ಫೋಟೋದಲ್ಲಿ ಹತ್ತಿರ ಹತ್ತಿರ ಒಂದೇ ಅಳತೆಗೆ ಬೀಳ್ತವೆ. ನಮ್ಮ ಮನಸ್ಸು ಮಾತ್ರ ಹಿಂದಿರೋದು ಚಿಕ್ಕದಾಗಿ ಕಾಣ್ಬೇಕು ಅಂತ ಲೆಕ್ಕ ಹಾಕ್ಕೊಂಡಿರತ್ತೆ, ಚಿಕ್ಕದಾಗಿ ಕಾಣ್ದೇ ಇದ್ದಾಗ ಅದು ದೊಡ್ಡ ಹಕ್ಕಿ ಅಂತ ತೀರ್ಮಾನ ಮಾಡಿಬಿಡತ್ತೆ. ಫೋಟೋ 4ರಲ್ಲಿ ಬಲಗಡೆ ಹಕ್ಕಿಯ ಕಾಲು ಕೆಸರಲ್ಲಿ ಊರಿರೋ ಜಾಗ ನೋಡಿ, ಎಡಗಡೆದಕ್ಕಿಂತ ಮೇಲಿದೆ, ಅಂದ್ರೆ ಅದು ಹಿಂದೆ ನಿಂತಿದೆ. ನಿಮಗೆ ದಪ್ಪ ಕಂಡಿದ್ದು ಇದ್ರಿಂದಾನೇ ಇರ್ಬಹುದು. ಗ್ರೇಟರ್ ಸುಮಾರು 22ರಿಂದ 25 ಸೆಂಟಿಮೀಟರ್, ಲೆಸ್ಸರ್ 18ರಿಂದ 21, ವ್ಯತ್ಯಾಸ ಇದೆ, ಆದ್ರೆ ಕಣ್ಣಳತೆಗೆ ಫೋಟೋದಲ್ಲಿ ಅದು ಸಿಗಲ್ಲ.

ಅಳೀಬೇಕಾಗಿರೋದು ಹಕ್ಕಿಯ ಒಳಗಿನ ಅಳತೆ. ಕೊಕ್ಕಿನ ಉದ್ದವನ್ನ ಅದೇ ಹಕ್ಕಿಯ ಮುಖದ ಮೇಲೆ ಮಡಚಿ ಇಟ್ಟಂಗೆ ಊಹೆ ಮಾಡ್ಕೊಳ್ಳಿ: ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನ ಅಂಚಿನವರೆಗೆ ಇರೋ ದೂರಕ್ಕಿಂತ ಕೊಕ್ಕು ಉದ್ದ ಇದ್ರೆ ಗ್ರೇಟರ್ ಕಡೆ, ಸಮ ಅಥವಾ ಗಿಡ್ಡ ಇದ್ರೆ ಲೆಸ್ಸರ್ ಕಡೆ. ಆಕಾರ ಕೂಡ ನೋಡಿ, ಗ್ರೇಟರ್‌ದು ದಪ್ಪಗೆ ಶುರುವಾಗಿ ತುದಿಗೆ ನಿಧಾನಕ್ಕೆ ಚೂಪಾಗತ್ತೆ, ಲೆಸ್ಸರ್‌ದು ಗಿಡ್ಡ, ತುದಿ ಮೊಂಡು. ಆದ್ರೆ ತಲೆ ಪೂರ್ತಿ ಪಕ್ಕಕ್ಕೆ ತಿರುಗಿರೋ ಫೋಟೋದಲ್ಲಿ ಮಾತ್ರ ಇದನ್ನ ಅಳೀಬೇಕು. ತಲೆ ಒಂಚೂರು ಕ್ಯಾಮೆರಾ ಕಡೆ ವಾಲಿದ್ರೂ ಕೊಕ್ಕು ಕುಗ್ಗಿ ಕಾಣತ್ತೆ, ಮುಖ ಅಷ್ಟು ಕುಗ್ಗಲ್ಲ, ಗ್ರೇಟರ್ ಹೋಗಿ ಲೆಸ್ಸರ್ ಆಗಿಬಿಡತ್ತೆ. ತಲೆ ಸರಿಯಾಗಿ ಪಕ್ಕಕ್ಕಿದೆಯಾ ಅಂತ ತಿಳಿಯೋಕೆ ನಾನು ನೋಡೋದು ಹಣೆ, ಆಚೆ ಬದಿಯ ಕಣ್ಣಿನ ಉಬ್ಬು ಸ್ವಲ್ಪನೂ ಕಾಣಬಾರದು. ನಿಮ್ಮ ಫೋಟೋ 4ರಲ್ಲಿ ಎಡಗಡೆ ಹಕ್ಕಿ ಪಾಸ್, ಬಲಗಡೆದು ಪಾಸ್ ಆಗಲ್ಲ.

ಇನ್ನು ಹೆಸರಿನ ಗೊಂದಲ. ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ನಾವು ಹೇಳ್ತಿದ್ದಿದ್ದನ್ನ ಈಚೆಗೆ ಎರಡು ಜಾತಿ ಮಾಡಿದ್ದಾರೆ, ಟಿಬೆಟನ್ ಸ್ಯಾಂಡ್ ಪ್ಲೋವರ್ ಮತ್ತು ಸೈಬೀರಿಯನ್ ಸ್ಯಾಂಡ್ ಪ್ಲೋವರ್. ಟಿಬೆಟನ್ ಗೂಡು ಕಟ್ಟೋದು ಹಿಮಾಲಯ, ಟಿಬೆಟ್ ಪ್ರಸ್ಥಭೂಮಿ, ಮಧ್ಯ ಏಷ್ಯಾದ ಎತ್ತರದ ಬಯಲುಗಳಲ್ಲಿ, ಸೈಬೀರಿಯನ್ ಗೂಡು ಕಟ್ಟೋದು ಪೂರ್ವ ಸೈಬೀರಿಯಾ ಕಡೆ. ನಂಗೆ ಬಹಳ ಆಶ್ಚರ್ಯ ಆಗಿದ್ದು ಏನಂದ್ರೆ ಜೀನೋಮ್ ನೋಡಿದಾಗ ಟಿಬೆಟನ್ ಹತ್ತಿರದ ನೆಂಟ ಸೈಬೀರಿಯನ್ ಅಲ್ಲ, ಗ್ರೇಟರ್ ಅಂತೆ. ಇಷ್ಟು ವರ್ಷ ಒಂದೇ ಹೆಸರಿನ ಕೆಳಗೆ ಇಟ್ಟಿದ್ದೇ ತಪ್ಪು ಜೋಡಿ. ಟಿಬೆಟನ್‌ಗೆ ಕೊಕ್ಕು ಸೈಬೀರಿಯನ್‌ಗಿಂತ ಸ್ವಲ್ಪ ಉದ್ದ ಬೇರೆ, ಹಾಗಾಗಿ ಗ್ರೇಟರ್ ಜೊತೆ ಗೊಂದಲ ಆಗೋದು ಹೆಚ್ಚಾಗಿ ಇದೇ. ಅದರ ಮೇಲೆ ಗ್ರೇಟರ್‌ನಲ್ಲೇ ಪಶ್ಚಿಮ ಏಷ್ಯಾ ಕಡೆ ಗೂಡು ಕಟ್ಟೋ ಒಂದು ಉಪಜಾತಿಗೆ ಕೊಕ್ಕು ಗಿಡ್ಡ. ಅದಕ್ಕೇ ಕೊಕ್ಕು ಒಂದನ್ನೇ ನಂಬಿ ಹೆಸರು ಬರೀಬೇಡಿ ಅಂತ ನಾನು ಹೇಳೋದು.

ಹಾರೋ ಫೋಟೋ ಇದ್ರೆ ಹೇಳಿ. ಗ್ರೇಟರ್ ಹಾರೋವಾಗ ಕಾಲಿನ ಬೆರಳು ಬಾಲದ ತುದಿ ದಾಟಿ ಹೊರಗೆ ಕಾಣತ್ತೆ, ಲೆಸ್ಸರ್ ಗುಂಪಿಗೆ ಬಾಲದ ತುದಿ ಹತ್ರಕ್ಕೆ ಬಂದು ನಿಲ್ಲತ್ತೆ. ನಿಂತಿರೋವಾಗ ಕಾಲು ತೆಳು ಹಸಿರು ಬೂದು ಇದ್ರೆ ಗ್ರೇಟರ್, ಗಾಢ ಬೂದು ಇದ್ರೆ ಲೆಸ್ಸರ್ ಅಂತಾರೆ, ಅದಕ್ಕೆ ಮೇಲೆ ಹೇಳಿದ ಕೆಸರಿನ ಕಥೆನೇ.

ಕೆಸರುಕಾಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಮಯ ಕೊಟ್ಟು ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಓದಿದ ತಕ್ಷಣ ಬಿನ್ ತೆರೆದೆ, ಅದೃಷ್ಟಕ್ಕೆ ಖಾಲಿ ಮಾಡಿರಲಿಲ್ಲ, 602 ಫೋಟೋನೂ ಇದ್ದವು. ನಿನ್ನೆ ರಾತ್ರಿ ಪೂರ್ತಿ ಕೂತು ಒಂದೊಂದೇ ನೋಡಿದೆ. ಮೊದಲು ನೋಡಿದಾಗ ನಾನು ಒಂದು ಫೋಟೋಗೆ ಒಂದು ಸೆಕೆಂಡ್ ಕೂಡ ಕೊಟ್ಟಿರಲಿಲ್ಲ, ಕಣ್ಣು ಶಾರ್ಪ್ ಇದೆಯಾ ಇಲ್ವಾ ಅಷ್ಟೇ ನೋಡ್ತಿದ್ದೆ.

ಫೋಟೋ 7 ಹಾಕಿದ್ದೀನಿ. ಸ್ಟಿಂಟ್ ಚಿಕ್ಕ ನೀರಿನ ಕಾಲುವೆ ದಾಟೋಕೆ ಹಾರಿದ್ದು, ತಲೆ ಬ್ಲರ್, ಒಂದು ರೆಕ್ಕೆ ಫ್ರೇಮ್ ಹೊರಗೆ, ಆದ್ರೆ ಬಾಲ ಬೀಸಣಿಗೆ ತರ ಬಿಚ್ಚಿದೆ ಮತ್ತು ಎರಡೂ ಬದಿಯ ಗರಿ ಬೆಳ್ಳಗೆ ಇದೆ!! ಫೋಟೋ 8ರಲ್ಲಿ ಅದೇ ಹಕ್ಕಿ ನೀರಿಂದ ಆಚೆ ಬಂದಿದೆ, ಕೆಸರು ತೊಳೆದು ಹೋಗಿ ಕಾಲು ಹಸಿರು ಹಳದಿ. ನೋಡಿದಾಗ ರಾತ್ರಿ ಒಂದು ಗಂಟೆ, ಯಾರನ್ನಾದ್ರೂ ಎಬ್ಬಿಸಿ ತೋರಿಸ್ಬೇಕು ಅನ್ನಿಸ್ತು.

ಸ್ಯಾಂಡ್ ಪ್ಲೋವರ್‌ಗೆ, ಎಡಗಡೆ ಹಕ್ಕಿಯ ಕೊಕ್ಕು ಅಳೆದೆ, ಸ್ಕ್ರೀನ್ ಮೇಲೆ ಪಿಕ್ಸೆಲ್ ಲೆಕ್ಕದಲ್ಲಿ ಕೊಕ್ಕು 61, ಬುಡದಿಂದ ಕಣ್ಣಿನ ಹಿಂದಿನ ಅಂಚಿಗೆ 66. ಅಂದ್ರೆ ಗಿಡ್ಡ. ಫೋಟೋ 9ರಲ್ಲಿ ಅದೇ ಹಕ್ಕಿ ಹಾರ್ತಿದೆ, ಬೆರಳು ಬಾಲ ದಾಟಿಲ್ಲ. ಹಂಗಾದ್ರೆ ಅದು ಲೆಸ್ಸರ್ ಗುಂಪು ಅಂತ ಧೈರ್ಯವಾಗಿ ಬರೀಬಹುದಾ? ಬಲಗಡೆದಕ್ಕೆ ಮಾತ್ರ 602ರಲ್ಲಿ ಹುಡುಕಿದ್ರೂ ಒಂದೇ ಒಂದು ಸರಿಯಾದ ಪಕ್ಕದ ಫೋಟೋ ಸಿಗಲಿಲ್ಲ, ಎಲ್ಲದ್ರಲ್ಲೂ ನನ್ನ ಕಡೆನೇ ನೋಡ್ತಿದೆ.

ಇನ್ನೊಂದು ಪ್ರಶ್ನೆ. ಫೋಟೋ 7ರಲ್ಲಿ ಬೆನ್ನು ಸ್ಪಷ್ಟ ಇಲ್ಲ ಅಂತ ನಾಯ್ಸ್ ತೆಗೆಯೋ ಸಾಫ್ಟ್‌ವೇರ್ ಹಾಕಿ ನೋಡಿದೆ, ಗರಿ ಗರಿ ಎಲ್ಲಾ ಬಿಡಿಸಿದಂಗೆ ಬಂತು, ಅಂಚುಗಳೆಲ್ಲಾ ತಿಳಿ ಬಣ್ಣ. ಅದನ್ನ ನೋಡಿದ್ರೆ ಮರಿ ಹಕ್ಕಿ ತರ ಕಾಣತ್ತೆ. ಅದನ್ನೂ ಹಾಕ್ಲಾ?

ಮರಳುದಿಬ್ಬ:

ಫೋಟೋ 7 ನೋಡಿದೆ, ಟೆಮ್ಮಿಂಕ್ಸ್ ಅನ್ನೋದ್ರಲ್ಲಿ ಇನ್ನು ಮಾತಿಲ್ಲ. ನಾನು ಕಾಲು ನೋಡಿ ಅಲ್ಲಿಗೇ ನಿಲ್ಲಿಸಿದ್ದು ತಪ್ಪಾಯ್ತು, ನೀಳಕೊಕ್ಕು ಅವ್ರಿಗೆ ಧನ್ಯವಾದ.

ಸಾಫ್ಟ್‌ವೇರ್ ವಿಷಯ ನಂಗೆ ಕೆಲಸದ ಕಾರಣಕ್ಕೆ ಸ್ವಲ್ಪ ಗೊತ್ತು, ಅದಕ್ಕೆ ಹೇಳ್ತೀನಿ, ದಯವಿಟ್ಟು ಆ ಫೋಟೋ ಇಟ್ಕೊಂಡು ಗುರುತು ಹಿಡೀಬೇಡಿ. ಈಗಿನ ನಾಯ್ಸ್ ತೆಗೆಯೋ ಮತ್ತು ಶಾರ್ಪ್ ಮಾಡೋ ಸಾಫ್ಟ್‌ವೇರ್‌ಗಳು ಸಾವಿರಾರು ಫೋಟೋ ನೋಡಿ ಕಲಿತಿರೋದು, ಮಾಹಿತಿ ಇಲ್ಲದ ಜಾಗದಲ್ಲಿ ಗರಿ ಅಂದ್ರೆ ಹೀಗಿರತ್ತೆ ಅಂತ ತಾವೇ ತುಂಬಿಸ್ತವೆ. ನೋಡೋಕೆ ನಂಬೋ ಹಂಗೆ ಇರತ್ತೆ, ಆದ್ರೆ ಆ ಗರಿ ಅಂಚು ನಿಮ್ಮ ಹಕ್ಕಿಗೆ ಇತ್ತೋ ಇಲ್ವೋ ಅದಕ್ಕೆ ಗೊತ್ತಿಲ್ಲ. ಸ್ಟಿಂಟ್‌ನಲ್ಲಿ ಗರಿ ಅಂಚಿನ ಬಣ್ಣ, ಗರಿ ನಡುವಿನ ಕಪ್ಪು ಇವೇ ವಯಸ್ಸು ಮತ್ತು ಜಾತಿ ಹೇಳೋದು, ಅದನ್ನೇ ಸಾಫ್ಟ್‌ವೇರ್ ಬರೆದುಬಿಟ್ರೆ ನಾವು ಯಾವ ಹಕ್ಕಿ ನೋಡ್ತಿದ್ದೀವಿ? ಯಾವಾಗ್ಲೂ ಕ್ಯಾಮೆರಾದಿಂದ ಬಂದ ಮೂಲ ಫೈಲ್ ಹಾಕಿ, ಬ್ಲರ್ ಇದ್ರೆ ಬ್ಲರ್ ಆಗೇ ಇರ್ಲಿ.

ಬೆಳಕು ಸರಿ ಮಾಡೋದು ಬೇರೆ, ಅದು ಮಾಡ್ಬಹುದು. ರಾ ಫೈಲ್ (ಕ್ಯಾಮೆರಾ ಏನೂ ತಿದ್ದದೆ ಉಳಿಸಿದ್ದು) ಇದ್ರೆ ಇನ್ನೂ ಒಳ್ಳೇದು. ನಿಮ್ಮ ಫೋಟೋ 4, 5 ಸಂಜೆ ಬೆಳಕಲ್ಲಿ ಪೂರ್ತಿ ಬೆಲ್ಲದ ಬಣ್ಣ ಆಗಿವೆ, ಅದ್ರಲ್ಲಿ ಬೆನ್ನು ಕಂದೋ ಬೂದೋ ಹೇಳೋಕಾಗಲ್ಲ. ವೈಟ್ ಬ್ಯಾಲೆನ್ಸ್‌ಗೆ, ಅಂದ್ರೆ ಬೆಳಕಿನ ಬಣ್ಣ ತೆಗೆದು ಬಿಳಿನ ಬಿಳಿಯಾಗಿ ತೋರಿಸೋಕೆ, ಹೊಟ್ಟೆಯ ಬಿಳಿನ ಆಧಾರ ಮಾಡ್ಕೊಳ್ಳೋದು ವಾಡಿಕೆ, ಆದ್ರೆ ಕೆಸರಿನ ಬಣ್ಣ ಕೆಳಗಿಂದ ಹೊಟ್ಟೆ ಮೇಲೆ ಹೊಡೆದಿರತ್ತೆ, ಹಾಗಾಗಿ ನಾನು ಹೊಟ್ಟೆಯ ಕೆಳಭಾಗ ಬಿಟ್ಟು ಬಿಸಿಲು ನೇರ ಬೀಳೋ ಪಕ್ಕದ ಬಿಳಿ ತಗೋತೀನಿ.

ನೀಳಕೊಕ್ಕು:

ಫೋಟೋ 7 ನೋಡಿ ಬಹಳ ಸಂತೋಷ ಆಯ್ತು. ನಿಮ್ಮ 640ರಲ್ಲಿ ಅತ್ಯುತ್ತಮ ಫೋಟೋ ಅದೇ.

ನಿಮ್ಮ ಮೊದಲ ಪೋಸ್ಟ್‌ನ ಕೊನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಹೇಳೋಕೇ ಆಗದ ಹಕ್ಕಿ ಇರತ್ತಾ ಅಂತ. ಇರತ್ತೆ. ಚಳಿಗಾಲದ ಗರಿಯಲ್ಲಿರೋ ಲಿಟಲ್ ಮತ್ತು ರೆಡ್-ನೆಕ್ಡ್ ಸ್ಟಿಂಟ್ ತಗೊಳ್ಳಿ, ಎರಡಕ್ಕೂ ಕಪ್ಪು ಕಾಲು, ಎರಡೂ ಬೂದು. ರೆಡ್-ನೆಕ್ಡ್‌ಗೆ ಕೊಕ್ಕು ಸ್ವಲ್ಪ ಗಿಡ್ಡ ಮತ್ತು ತುದಿ ಮೊಂಡು, ಕಾಲು ಗಿಡ್ಡ, ಮೈ ಉದ್ದ, ಬೆನ್ನು ತಿಳಿ ಬೂದು, ಗರಿ ನಡುವೆ ತೆಳು ಕಪ್ಪು ಕಡ್ಡಿ ಮಾತ್ರ. ಲಿಟಲ್‌ಗೆ ಕೊಕ್ಕು ಸಣ್ಣ ಸೂಜಿ ತರ, ತುದಿ ಒಂಚೂರು ಕೆಳಕ್ಕೆ, ಗರಿ ನಡು ಅಗಲವಾಗಿ ಗಾಢ. ಓದೋಕೆ ಸುಲಭ, ಒಂಟಿ ಹಕ್ಕಿಯ ಒಂದು ಫೋಟೋದಲ್ಲಿ ಬಹಳ ಸಲ ಆಗಲ್ಲ. ಕೊಕ್ಕಿನ ಉದ್ದ ಒಂದೇ ಜಾತಿ ಒಳಗೇ ಹೆಚ್ಚುಕಮ್ಮಿ ಆಗತ್ತೆ, ಈ ಕುಟುಂಬದ ಬಹಳಷ್ಟು ಜಾತಿಗಳಲ್ಲಿ ಹೆಣ್ಣಿಗೆ ಕೊಕ್ಕು ಉದ್ದ. ಅಂಥಾ ಹಕ್ಕಿಗೆ ನಾನು ಸ್ಟಿಂಟ್ ಅಂತ ಮಾತ್ರ ಬರೆದು ಬಿಡ್ತೀನಿ. ತಪ್ಪು ಹೆಸರು ಬರೆದ್ರೆ ಅದು ಎಲ್ಲೋ ಒಂದು ಮ್ಯಾಪ್‌ನಲ್ಲಿ ಚುಕ್ಕಿ ಆಗಿ ಕೂರತ್ತೆ, ಆಮೇಲೆ ಬಂದವರು ಅದನ್ನ ನಂಬ್ತಾರೆ.

ಕೊಕ್ಕಿನ ವಿಷಯ ಬಂತು ಅಂತ ಇನ್ನೆರಡು ಹೇಳ್ತೀನಿ, ಫೋಟೋದಲ್ಲಿ ಬಹಳ ಜನ ಮೋಸ ಹೋಗೋದು ಇಲ್ಲೇ. ಒಂದು, ಕೊಕ್ಕಿನ ತುದಿಗೆ ಕೆಸರಿನ ಉಂಡೆ ಅಂಟಿದ್ರೆ ಮಾಮೂಲಿ ಸ್ಟಿಂಟ್ ಕೂಡ ಚಮಚದಂಥಾ ಕೊಕ್ಕಿನ ಸ್ಪೂನ್-ಬಿಲ್ಡ್ ಸ್ಯಾಂಡ್‌ಪೈಪರ್ ತರ ಕಾಣತ್ತೆ, ಆ ಹಕ್ಕಿ ಅಳಿವಿನಂಚಲ್ಲಿರೋದು, ಹಾಗಾಗಿ ಎದೆ ಬಡಿತ ಏರೋದು ಸಹಜ, ಆದ್ರೆ ಮುಂದಿನ ನಾಲ್ಕು ಫ್ರೇಮ್ ನೋಡಿ, ಕೆಸರಾದ್ರೆ ಆಕಾರ ಬದಲಾಗತ್ತೆ ಇಲ್ಲಾ ಬಿದ್ದುಹೋಗತ್ತೆ. ಎರಡು, ಈ ಹಕ್ಕಿಗಳಲ್ಲಿ ಬಹಳಷ್ಟಕ್ಕೆ ಮೇಲಿನ ಕೊಕ್ಕಿನ ತುದಿಯನ್ನ ಮಾತ್ರ ಮೇಲಕ್ಕೆ ಬಗ್ಗಿಸೋ ಶಕ್ತಿ ಇದೆ, ಕೆಸರೊಳಗೆ ಬುಡದಿಂದ ಬಾಯಿ ತೆರೀದೆ ತುದಿ ಮಾತ್ರ ಬಿಚ್ಚಿ ಹುಳ ಹಿಡಿಯೋಕೆ. ಡನ್ಲಿನ್, ಗಾಡ್‌ವಿಟ್ ಅನ್ನೋ ಉದ್ದ ಕೊಕ್ಕಿನ ಹಕ್ಕಿಗಳು ಆಕಳಿಸೋವಾಗ ತೆಗೆದ ಫೋಟೋದಲ್ಲಿ ಕೊಕ್ಕು ವಕ್ರ ಆಗಿ ಮುರಿದಂಗೆ ಕಾಣತ್ತೆ. ಅದು ಗಾಯ ಅಲ್ಲ, ಬೇರೆ ಜಾತಿನೂ ಅಲ್ಲ.

ಫೋಟೋ 6 ಬೇಗ ಮುಗಿಸ್ತೀನಿ, ಅದು ಕಾಮನ್ ಸ್ಯಾಂಡ್‌ಪೈಪರ್. ಎದೆ ಪಕ್ಕದಲ್ಲಿ, ರೆಕ್ಕೆ ಮಡಿಕೆಯ ಮುಂದೆ ಬಿಳಿ ಬಣ್ಣ ಬೆಣೆ ತರ ಮೇಲಕ್ಕೆ ಹತ್ತಿದೆ, ಅದೊಂದೇ ಸಾಕು. ಬಾಲನೂ ರೆಕ್ಕೆ ದಾಟಿ ಉದ್ದ ಇದೆ. ವುಡ್ ಆಗಿದ್ರೆ ಬೆನ್ನಲ್ಲಿ ಚೆನ್ನಾಗಿ ಚುಕ್ಕೆ, ಕಣ್ಣಿನ ಹಿಂದಕ್ಕೂ ಹೋಗೋ ಉದ್ದ ಬಿಳಿ ಹುಬ್ಬು, ಹಳದಿ ಕಾಲು. ಗ್ರೀನ್ ಆಗಿದ್ರೆ ಬೆನ್ನು ಕಪ್ಪಗೆ, ಹುಬ್ಬು ಕಣ್ಣಿನ ಮುಂದೆ ಮಾತ್ರ, ಹಾರಿದಾಗ ರೆಕ್ಕೆ ಕೆಳಭಾಗ ಕಪ್ಪು ಮತ್ತು ಸೊಂಟ ಬಿಳಿ.

ಉಬ್ಬರಇಳಿತ:

ಎಡಗಡೆದು ಲೆಸ್ಸರ್ ಗುಂಪು ಅಂತ ಧೈರ್ಯವಾಗಿ ಬರೀರಿ. 61ಕ್ಕೆ 66, ಬೆರಳು ದಾಟಿಲ್ಲ, ತುದಿ ಮೊಂಡು, ಮೂರೂ ಒಂದೇ ಕಡೆ ಹೇಳ್ತಿವೆ. ಟಿಬೆಟನ್ನಾ ಸೈಬೀರಿಯನ್ನಾ ಅಂತ ಚಳಿಗಾಲದ ಗರಿಯಲ್ಲಿ ಒಂದು ಹಕ್ಕಿಯ ಫೋಟೋ ನೋಡಿ ಹೇಳೋಕೆ ನಾನು ಹೋಗಲ್ಲ. ವಲಸೆ ಹೊರಡೋ ಮುಂಚೆ ಗಂಡಿಗೆ ಬಣ್ಣ ಬರೋವಾಗ ನೋಡ್ಬೇಕು, ಟಿಬೆಟನ್ ಗಂಡಿಗೆ ಹಣೆ ಕಪ್ಪು, ಸೈಬೀರಿಯನ್ ಗಂಡಿಗೆ ಹಣೆ ಬಿಳಿ. ಅಲ್ಲೀವರೆಗೂ ಫೋಟೋ ಜೊತೆ ದಿನಾಂಕ, ಜಾಗ ಸರಿಯಾಗಿ ಬರೆದು ಇಟ್ಕೊಳ್ಳಿ. ಕೆಂಟಿಷ್ ಪ್ಲೋವರ್‌ನಿಂದ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹನುಮಾನ್ ಪ್ಲೋವರ್ ಬೇರೆ ಜಾತಿ ಅನ್ನೋ ಅಧ್ಯಯನ 2023ರಲ್ಲಿ ಬಂದಾಗ, ದಿನಾಂಕ ಜಾಗ ಬರೆದಿಟ್ಟಿದ್ದವರು ಹಳೇ ಫೋಟೋಗಳನ್ನೇ ತೆಗೆದು ಮತ್ತೆ ನೋಡೋಕಾಯ್ತು.

ಬಲಗಡೆದು ಸ್ಯಾಂಡ್ ಪ್ಲೋವರ್ ಅಂತ ಅಷ್ಟೇ ಇರ್ಲಿ.

ಒಂದು ಮಾತು, ಹಾರೋ ಫೋಟೋ ಬೇಕು ಅಂತ ನಾವೆಲ್ಲಾ ಹೇಳಿದ್ವಿ ಅಂತ ಯಾರೂ ಹಕ್ಕಿ ಎಬ್ಬಿಸೋಕೆ ಹೋಗ್ಬೇಡಿ, ಅದ್ರಲ್ಲೂ ಉಬ್ಬರ ತುಂಬಿದಾಗ ಅವು ಒತ್ತೊತ್ತಾಗಿ ನಿಂತು ಸುಸ್ತು ಆರಿಸ್ಕೊಳ್ಳೋ ಹೊತ್ತಲ್ಲಿ. 2022ರಲ್ಲಿ ಟ್ಯಾಗ್ ಹಾಕಿದ್ದ ಒಂದು ಬಾರ್-ಟೇಲ್ಡ್ ಗಾಡ್‌ವಿಟ್, ಐದೇ ತಿಂಗಳ ಮರಿ, ಅಲಾಸ್ಕಾದಿಂದ ಟಾಸ್ಮೇನಿಯಾಗೆ ಎಲ್ಲೂ ಇಳೀದೆ 11 ದಿನದಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿತ್ತು. ಹಾರೋಕೆ ಮುಂಚೆ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದಕ್ಕೆಲ್ಲಾ ಬಂಡವಾಳ. ನಮಗೋಸ್ಕರ ಒಂದೊಂದು ಸಲ ಎದ್ದಾಗ್ಲೂ ಅದ್ರಲ್ಲಿ ಸ್ವಲ್ಪ ಖರ್ಚಾಗತ್ತೆ.

ಕೆಸರುಕಾಲು:

ಇಲ್ಲ ಸರ್, ಎಬ್ಬಿಸಲ್ಲ, 7 ಮತ್ತು 9 ಎರಡೂ ಅವಾಗವೇ ಎದ್ದಾಗ ಸಿಕ್ಕಿದ್ದು. ಹಾಗಾದ್ರೆ ಎಬ್ಬಿಸದೇ ರೆಕ್ಕೆ, ಬಾಲ ಬಿಚ್ಚಿದ ಫೋಟೋ ಸಿಗೋಕೆ ಯಾವಾಗ ಕಾಯ್ಬೇಕು?

ನೀಳಕೊಕ್ಕು:

ಸ್ನಾನ ಮಾಡೋ ಹಕ್ಕಿ ಹುಡುಕಿ. ನೀರಲ್ಲಿ ಮುಳುಗಿ ಎದ್ದು ಮುಗಿಸಿದ ಮೇಲೆ ಬಹುತೇಕ ಹಕ್ಕಿ ಒಂದ್ಸಲ ಎರಡೂ ರೆಕ್ಕೆ ಮೇಲಕ್ಕೆತ್ತಿ ಒದರತ್ತೆ, ಬಾಲನೂ ಬಿಚ್ಚತ್ತೆ, ಕಾಲೂ ತೊಳೆದಿರತ್ತೆ. ಆಮೇಲೆ ಗರಿ ತೀಡಿಕೊಳ್ಳೋವಾಗ ಒಂದು ರೆಕ್ಕೆ ಒಂದು ಕಾಲು ಒಟ್ಟಿಗೆ ಹಿಂದಕ್ಕೆ ಚಾಚತ್ತೆ. ಪಿನ್‌ಟೇಲ್ ಸ್ನೈಪ್‌ನ ಬಾಲದಂಚಿನ ಗುಂಡುಪಿನ್ನಿನಂಥಾ ಗರಿಗಳು ನಂಗೆ ಕಂಡಿದ್ದೂ ಹೀಗೆ ಗರಿ ತೀಡೋವಾಗಲೇ, ಮೂರು ಗಂಟೆ ಕೂತ ಮೇಲೆ. ಹಕ್ಕಿ ನೀರಿಗೆ ತಲೆ ಹಾಕೋಕೆ ಶುರು ಮಾಡ್ತಿದ್ದಂಗೆ ಶಟರ್ ಸ್ಪೀಡ್ 1/2000ಕ್ಕೆ ಏರಿಸಿ ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಫೋಟೋ ಬರೋ ಮೋಡ್) ಇಟ್ಕೊಳ್ಳಿ, ಒದರಿ ಮುಗಿಯೋವರೆಗೂ ಬಟನ್‌ನಿಂದ ಬೆರಳು ತೆಗೀಬೇಡಿ.